ಕಲಬುರಗಿಯ ಬೋರ್ಡುಗಳನ್ನು ಓದುವ ಕ್ರಮ: ಬೀದಿಯ ಅಕ್ಷರದಿಂದ ವಿನ್ಯಾಸದ ಮೇಜಿಗೆ

ಕನ್ನಡದಲ್ಲಿ ಲೇಬಲ್, ಲಗ್ನಪತ್ರಿಕೆ, ಪೋಸ್ಟರ್ ಅಥವಾ ಅಂಗಡಿಯ ಲೋಗೊ ಮಾಡುವವರಿಗೆ ಬೇಗನೆ ಎದುರಾಗುವ ತೊಡಕು ಗೆರೆಯ ಕೆಳಗಿನದು. ಅಕ್ಷರಗಳ ಮೈಯನ್ನು ಎಷ್ಟೇ ಅಂದವಾಗಿ ಜೋಡಿಸಿದರೂ ಒಂದು ಒತ್ತಕ್ಷರ ಬಂದ ಕೂಡಲೇ ಸಾಲು ಕೆಳಕ್ಕೆ ಜೋತುಬೀಳುತ್ತದೆ, ಅದರ ಕೆಳಗಿನ ಸಾಲನ್ನು ದೂರ ಸರಿಸಬೇಕಾಗುತ್ತದೆ, ಚೌಕಟ್ಟು ಚಿಕ್ಕದಿದ್ದರೆ ಇಡೀ ಪದವನ್ನೇ ಕುಗ್ಗಿಸಬೇಕಾಗುತ್ತದೆ. ಕಂಪ್ಯೂಟರಿನ ಹೆಚ್ಚಿನ ಫಾಂಟುಗಳು ಇದಕ್ಕೆ ಒಂದೇ ಉತ್ತರ ಇಟ್ಟುಕೊಂಡಿವೆ: ಒತ್ತನ್ನು ಸಣ್ಣದು ಮಾಡಿ ಕೆಳಗೆ ತೂಗುಹಾಕುತ್ತವೆ. ತಗಡು, ಶಟರ್, ಗೋಡೆ, ಗೋಣಿಚೀಲಗಳ ಮೇಲೆ ಕೈಯಿಂದ ಬರೆದವರು ಅದೇ ತೊಡಕನ್ನು ಹತ್ತಾರು ಬಗೆಯಲ್ಲಿ ಬಿಡಿಸಿದ್ದಾರೆ. ಕಲಬುರಗಿಯ ಪೇಟೆಯಲ್ಲಿ ಎರಡು ಗಂಟೆ ನಡೆದರೆ ಆ ಉತ್ತರಗಳಲ್ಲಿ ಬಹುಪಾಲು ಕಣ್ಣಿಗೆ ಬೀಳುತ್ತವೆ. ಆ ನಡಿಗೆಯನ್ನು ಹೇಗೆ ಮಾಡಬೇಕು, ಏನನ್ನು ಅಳೆಯಬೇಕು, ತಂದದ್ದನ್ನು ಮೇಜಿನ ಮೇಲೆ ಹೇಗೆ ಬಳಸಬೇಕು ಎಂಬುದನ್ನು ಇಲ್ಲಿ ವಿವರಿಸಿದ್ದೇನೆ. ಒತ್ತಕ್ಷರಕ್ಕೇ ಹೆಚ್ಚು ಒತ್ತು ಕೊಟ್ಟಿದ್ದೇನೆ. ಅದು ಪದದ ಆಟದಂತೆ ಕಂಡರೂ ಉದ್ದೇಶಪೂರ್ವಕವೇ.

ಹೊರಡುವ ಮುನ್ನ

ಬೆಳಗಿನ ಆರೂವರೆಗೆ ಹೊರಡಬೇಕು. ಬಿಸಿಲಿನ ಮಾತು ಬೇರೆ, ಅದನ್ನು ಈ ಊರಿನವರಿಗೆ ಹೇಳಬೇಕಾಗಿಲ್ಲ. ಮುಖ್ಯ ಕಾರಣವೆಂದರೆ ಶಟರಿನ ಮೇಲೆ ಬರೆದ ಅಕ್ಷರಗಳು ಅಂಗಡಿ ಮುಚ್ಚಿದ್ದಾಗ ಮಾತ್ರ ಕಾಣುತ್ತವೆ. ಹತ್ತು ಗಂಟೆಗೆ ಶಟರು ಮೇಲಕ್ಕೆ ಸುರುಳಿಯಾಗಿ ಹೋದರೆ ಅದರೊಂದಿಗೆ ಬರಹವೂ ಹೋಗುತ್ತದೆ. ತಗಡಿನ ಬೋರ್ಡುಗಳನ್ನು ಸಂಜೆ ನೋಡಬಹುದು, ಶಟರುಗಳನ್ನು ಬೆಳಿಗ್ಗೆಯೇ ನೋಡಬೇಕು. ಹಬ್ಬದ ಮರುದಿನ ಅಥವಾ ವಾರದ ರಜೆಯ ದಿನ ಸಿಕ್ಕಿದರೆ ಇನ್ನೂ ಒಳ್ಳೆಯದು.

ಜೊತೆಗೆ ಒಯ್ಯಬೇಕಾದವು ಹೆಚ್ಚೇನಿಲ್ಲ. ಮೊಬೈಲ್, ಗೆರೆಯಿಲ್ಲದ ನೋಟುಪುಸ್ತಕ, ಮೆದು ಪೆನ್ಸಿಲ್, ಟೇಪು ಮತ್ತು ಆರಿಂಚಿನ ಸ್ಕೇಲು ಸಾಕು. ಸ್ಕೇಲನ್ನು ಅಕ್ಷರದ ಪಕ್ಕದಲ್ಲಿ ಹಿಡಿದು ಒಂದು ಚಿತ್ರ ತೆಗೆದುಕೊಂಡರೆ ಮನೆಗೆ ಬಂದ ಮೇಲೆ ಗೆರೆಯ ದಪ್ಪವನ್ನು ಊಹಿಸಬೇಕಾಗುವುದಿಲ್ಲ.

ಚಿತ್ರ ತೆಗೆಯುವಾಗ ಅಕ್ಷರಕ್ಕೆ ನೇರವಾಗಿ ನಿಲ್ಲಬೇಕು ಎಂಬುದನ್ನು ನಾನು ಕೆಲಸ ಕೆಡಿಸಿಕೊಂಡು ಕಲಿತೆ. ಮೊದಲ ಬಾರಿ ಹೋದಾಗ ರಸ್ತೆ ಇಕ್ಕಟ್ಟಾಗಿದ್ದುದರಿಂದ ಬೋರ್ಡಿನ ಬುಡದಲ್ಲೇ ನಿಂತು, ಮೊಬೈಲಿನ ಅಗಲದ ಲೆನ್ಸ್‌ನಲ್ಲಿ ಮೇಲ್ಮುಖವಾಗಿ ಐವತ್ತು ಚಿತ್ರ ತೆಗೆದೆ. ಮನೆಯಲ್ಲಿ ನೋಡಿದರೆ ಎಲ್ಲ ಅಕ್ಷರಗಳ ತಲಕಟ್ಟು ಕಿರಿದಾಗಿ, ಬುಡ ಅಗಲವಾಗಿ ಕುಂಬಳಕಾಯಿಯಂತಾಗಿದ್ದವು. ಅವುಗಳಿಂದ ಯಾವ ಅಳತೆಯನ್ನೂ ತೆಗೆಯಲಾಗಲಿಲ್ಲ. ಎರಡು ತಿಂಗಳ ನಂತರ ಮತ್ತೆ ಹೋದಾಗ ಅವುಗಳಲ್ಲಿ ಮೂರು ಬೋರ್ಡುಗಳ ಜಾಗದಲ್ಲಿ ಫ್ಲೆಕ್ಸ್ ಬಂದಿತ್ತು. ಎದುರು ಬದಿಯ ಫುಟ್‌ಪಾತಿಗೆ ಹೋಗಿ, ಎರಡು ಪಟ್ಟು ಜೂಮ್ ಮಾಡಿ, ಬೋರ್ಡಿನ ನಾಲ್ಕೂ ಅಂಚು ಚೌಕಟ್ಟಿನೊಳಗೆ ಬರುವಂತೆ ತೆಗೆಯಿರಿ. ಆಮೇಲೆ ಹತ್ತಿರ ಹೋಗಿ ಒಂದೊಂದು ಅಕ್ಷರವನ್ನು ಬಿಡಿಯಾಗಿ ತೆಗೆಯಬಹುದು.

ಒಂದೇ ಪದವನ್ನು ಹಿಂಬಾಲಿಸುವುದು

ಮೊದಲ ದಿನ ಚೆಂದ ಕಂಡದ್ದನ್ನೆಲ್ಲ ಸೆರೆಹಿಡಿಯುವ ಆಸೆಯಾಗುತ್ತದೆ. ಹಾಗೆ ಮಾಡಿದರೆ ಮುನ್ನೂರು ಚಿತ್ರಗಳು ಸಿಗುತ್ತವೆ, ಹೋಲಿಸಲು ಏನೂ ಸಿಗುವುದಿಲ್ಲ. ಅದರ ಬದಲು ಒಂದು ಪದವನ್ನು ಆರಿಸಿಕೊಂಡು ಇಡೀ ಬೆಳಿಗ್ಗೆ ಅದನ್ನೇ ಹುಡುಕಿರಿ. ನನ್ನ ಸಲಹೆ "ಸ್ಟೋರ್ಸ್" ಎಂಬ ಪದ. ಪೇಟೆಯಲ್ಲಿ ಹತ್ತು ಹೆಜ್ಜೆಗೊಮ್ಮೆ ಅದು ಸಿಗುತ್ತದೆ, ಮೇಲಾಗಿ ಎರಡೇ ಅಕ್ಷರಗಳ ಒಳಗೆ ಕನ್ನಡ ಬರಹದ ಮುಖ್ಯ ತೊಡಕುಗಳನ್ನೆಲ್ಲ ಹೊತ್ತುಕೊಂಡಿದೆ.

ಮೊದಲು "ಸ್ಟೋ" ನೋಡಿ. ಸಕಾರದ ಕೆಳಗೆ ಟಕಾರದ ಒತ್ತು, ಮೇಲೆ ಓತ್ವ, ಪಕ್ಕದಲ್ಲಿ ದೀರ್ಘ. ಕನ್ನಡದಲ್ಲಿ ತ, ನ, ಮ, ಯ, ರ, ಲ ಇವುಗಳ ಒತ್ತುಗಳಿಗೆ ಬೇರೆಯೇ ರೂಪಗಳಿವೆ. ಉಳಿದವು ಬಹುಮಟ್ಟಿಗೆ ತಲಕಟ್ಟು ಕಳಚಿದ ಮೂಲಾಕ್ಷರಗಳೇ. ಹಾಗಾಗಿ ಟಕಾರದ ಒತ್ತು ಒಂದು ಪೂರ್ಣ ಅಕ್ಷರದಷ್ಟೇ ಜಾಗ ಕೇಳುತ್ತದೆ. ಕೆಲವರು ಅದನ್ನು ಸಕಾರದ ನೇರ ಕೆಳಗೆ ಇಟ್ಟು ಬೋರ್ಡಿನ ಅಂಚಿಗೆ ತಾಗಿಸುತ್ತಾರೆ. ಕೆಲವರು ಬಲಕ್ಕೆ ಸರಿಸಿ, ಸಕಾರದ ಹೊಟ್ಟೆಗೂ ದೀರ್ಘಕ್ಕೂ ನಡುವೆ ಸಿಗುವ ಖಾಲಿ ಜಾಗಕ್ಕೆ ಅರ್ಧ ಏರಿಸುತ್ತಾರೆ. ಆಗ ಪದದ ಒಟ್ಟು ಆಳ ಗಣನೀಯವಾಗಿ ಕಡಿಮೆಯಾಗುತ್ತದೆ. ಇನ್ನೂ ಕೆಲವರು ಸಕಾರದ ಮೈಯನ್ನೇ ಮೊಟಕು ಮಾಡಿ ಒತ್ತಿಗೆ ಜಾಗ ಬಿಡುತ್ತಾರೆ. ಈ ಮೂರನೆಯ ಉಪಾಯ ಫಾಂಟುಗಳಲ್ಲಿ ಕಾಣುವುದು ಅಪರೂಪ, ಏಕೆಂದರೆ ಒತ್ತು ಬಂದಾಗ ಮೇಲಿನ ಅಕ್ಷರ ತನ್ನ ಎತ್ತರವನ್ನು ಬಿಟ್ಟುಕೊಡಬೇಕಾದರೆ ಫಾಂಟು ಮಾಡುವವರು ಅಂಥ ಪ್ರತಿಯೊಂದು ಜೋಡಿಗೂ ಬೇರೆ ರೂಪ ಬರೆಯಬೇಕಾಗುತ್ತದೆ.

ಬಳಿಕ ಕೊನೆಯ "ರ್ಸ್" ನೋಡಿ. ಇಲ್ಲಿ ಅರ್ಕಾವೊತ್ತು ಸಕಾರದ ನಂತರ ಬರಬೇಕು, ಓದುವಾಗ ಮಾತ್ರ ಮೊದಲು ಬರಬೇಕು. ಅನೇಕ ಬರಹಗಾರರು ಈ ಗೊಂದಲವೇ ಬೇಡವೆಂದು ರಕಾರವನ್ನು ಬಿಡಿಯಾಗಿ ಬರೆದು ಪಕ್ಕದಲ್ಲಿ ಸಕಾರವನ್ನು ಇಡುತ್ತಾರೆ. ವ್ಯಾಕರಣದ ಮೇಷ್ಟ್ರು ಒಪ್ಪದಿರಬಹುದು, ಆದರೆ ದೂರದಿಂದ ಓದುವವನಿಗೆ ಅದೇ ಸಲೀಸು. ಅರ್ಕಾವೊತ್ತನ್ನು ಬಿಡದವರು ಅದರ ಬಾಲವನ್ನು ಬೋರ್ಡಿನ ಬಲ ಅಂಚಿನವರೆಗೆ ಎಳೆದು ಒಂದು ಅಲಂಕಾರವನ್ನೇ ಮಾಡಿಬಿಡುತ್ತಾರೆ.

ಇದಕ್ಕೆ ವಿರುದ್ಧ ಗುಣದ ಪದವೊಂದನ್ನೂ ಜೊತೆಗಿಟ್ಟುಕೊಳ್ಳಿ. ಈ ಭಾಗದಲ್ಲಿ ಅದಕ್ಕೆ "ಖಾನಾವಳಿ"ಗಿಂತ ಒಳ್ಳೆಯದು ಸಿಗದು. ಅದರಲ್ಲಿ ಒತ್ತು ಇಲ್ಲ, ಎರಡು ದೀರ್ಘಗಳು ಕಂಬಗಳಂತೆ ನಿಂತಿವೆ, ಎಲ್ಲವೂ ಒಂದೇ ಎತ್ತರದಲ್ಲಿ ಸಾಗುತ್ತವೆ. ಒಂದೇ ಕೈ ಬರೆದ ಬೋರ್ಡಿನಲ್ಲಿ ಈ ಎರಡು ಬಗೆಯ ಪದಗಳೂ ಸಿಕ್ಕರೆ, ಒತ್ತಿಲ್ಲದ ಪದವನ್ನು ಆತ ಎಷ್ಟು ದೊಡ್ಡದಾಗಿ ಬರೆದಿದ್ದಾನೆ, ಒತ್ತಿರುವುದನ್ನು ಎಷ್ಟು ತಗ್ಗಿಸಿದ್ದಾನೆ ಎಂದು ಸ್ಕೇಲಿನಿಂದ ಅಳೆಯಿರಿ. ಆ ಒಂದು ಅನುಪಾತ ನಿಮ್ಮ ಮುಂದಿನ ಹತ್ತು ಕೆಲಸಗಳಿಗೆ ಬರುತ್ತದೆ.

ಬೋರ್ಡಿನ ನೆತ್ತಿಯ ಮೇಲಿನ ಸಣ್ಣ ಸಾಲನ್ನು ಮರೆಯಬಾರದು. "ಶ್ರೀ ಶರಣಬಸವೇಶ್ವರ ಪ್ರಸನ್ನ" ಎಂದೋ, 786 ಎಂದೋ, ಮನೆದೇವರ ಹೆಸರೋ ಅಲ್ಲಿರುತ್ತದೆ. ಗಾತ್ರದಲ್ಲಿ ಅದು ಎಲ್ಲಕ್ಕಿಂತ ಚಿಕ್ಕದು, ಸ್ಥಾನದಲ್ಲಿ ಎಲ್ಲಕ್ಕಿಂತ ಮೇಲು. ಗಾತ್ರ ಹಿಗ್ಗಿಸದೆ ಗೌರವ ತೋರಿಸುವುದು ಹೇಗೆಂದು ಕಲಿಯಲು ಬೇರೆ ಪಾಠ ಬೇಕಾಗಿಲ್ಲ.

ಪೇಟೆಯ ದಾರಿ

ರೈಲು ನಿಲ್ದಾಣದಿಂದ ಆರಂಭಿಸಿ ಸ್ಟೇಷನ್ ರಸ್ತೆಯಲ್ಲಿ ಸರ್ದಾರ್ ಪಟೇಲ್ ವೃತ್ತದ ಕಡೆಗೆ, ಅಲ್ಲಿಂದ ಜಗತ್ ವೃತ್ತ, ಸೂಪರ್ ಮಾರ್ಕೆಟ್, ನಂತರ ಕಿರಾಣಾ ಬಜಾರ್, ಕೊನೆಗೆ ಕಾಳುಕಡಿಯ ಸಗಟು ಪೇಟೆಯಾದ ನೆಹರು ಗಂಜ್ ಎಂದು ದಾರಿ ಹಾಕಿಕೊಳ್ಳಬಹುದು. ಮೊದಲ ಅರ್ಧದಲ್ಲಿ ಹೊಳೆಯುವ ಅಕ್ರಿಲಿಕ್ ಅಕ್ಷರಗಳು, ಎಲ್‌ಇಡಿ ಫಲಕಗಳು ಹೆಚ್ಚು. ಅಲ್ಲಿ ಬೇಗ ನಡೆಯಿರಿ. ಸೂಪರ್ ಮಾರ್ಕೆಟಿನ ಒಳಓಣಿಗಳಿಂದ ಮುಂದೆ ನಿಧಾನಿಸಿರಿ.

ಶಟರಿನ ಬರಹವನ್ನು ಹತ್ತಿರದಿಂದ ನೋಡುವುದು ಹೇಗೆಂದು ಒಂದು ಉದಾಹರಣೆ ಕೊಡುತ್ತೇನೆ. ಶಟರಿನ ಒಂದೊಂದು ತಗಡಿನ ಪಟ್ಟಿ ಸುಮಾರು 3 ಇಂಚು ಅಗಲ ಇರುತ್ತದೆ, ಪ್ರತಿ ಪಟ್ಟಿಯೂ ಹೊರಕ್ಕೆ ಉಬ್ಬಿದ್ದು, ಎರಡು ಪಟ್ಟಿಗಳು ಕೂಡುವಲ್ಲಿ ಒಂದು ತೋಡು ಬೀಳುತ್ತದೆ. ಅಡ್ಡಗೆರೆ ಎಳೆಯುವಾಗ ಬ್ರಷ್ಷಿಗೆ ತೊಂದರೆಯಿಲ್ಲ, ಉದ್ದಗೆರೆ ಎಳೆಯುವಾಗ ಪ್ರತಿ ತೋಡಿನಲ್ಲೂ ಅದು ಹಾರುತ್ತದೆ. ಪಳಗಿದ ಕೈ ಇದ್ದವರು ತಲಕಟ್ಟನ್ನು ಪಟ್ಟಿಯ ಉಬ್ಬಿನ ಮೇಲೆಯೇ ಕೂರಿಸುತ್ತಾರೆ, ಅಕ್ಷರದ ಮೈಯನ್ನು ಎರಡೋ ಮೂರೋ ಪಟ್ಟಿಗಳಿಗೆ ಸರಿಯಾಗಿ ಹಂಚುತ್ತಾರೆ, ಒತ್ತಿಗೆ ಕೆಳಗಿನ ಇನ್ನೊಂದು ಇಡೀ ಪಟ್ಟಿಯನ್ನು ಮೀಸಲಿಡುತ್ತಾರೆ. ಅಂದರೆ ಶಟರೇ ಅವರಿಗೆ ಕಾಪಿಪುಸ್ತಕದ ಗೆರೆ. ಮೈಗೆ ಎರಡು ಪಟ್ಟಿ, ಒತ್ತಿಗೆ ಒಂದು ಪಟ್ಟಿ ಎಂಬ ಲೆಕ್ಕದಲ್ಲಿ ಒತ್ತು ಮೈಯ ಅರ್ಧದಷ್ಟಾಗುತ್ತದೆ. ಮೂರಕ್ಕೆ ಒಂದಾದರೆ ಮೂರನೆಯ ಒಂದು ಭಾಗ. ಮೊದಲನೆಯದು ದೂರದಿಂದಲೂ ಓದಲು ಬರುತ್ತದೆ, ಎರಡನೆಯದರಲ್ಲಿ ಒತ್ತಿನೊಳಗಿನ ಖಾಲಿ ಜಾಗ ಬಣ್ಣದಿಂದ ಮುಚ್ಚಿಹೋಗುವ ಸಂಭವ ಹೆಚ್ಚು. ಪಟ್ಟಿಗಳನ್ನು ಎಣಿಸಿ ನೋಟುಪುಸ್ತಕದಲ್ಲಿ ಬರೆದುಕೊಳ್ಳಿ, ಟೇಪು ಹಿಡಿಯುವ ಅಗತ್ಯವೇ ಇಲ್ಲ.

ಗಂಜಿನಲ್ಲಿ ನೋಡಬೇಕಾದದ್ದು ಬೋರ್ಡುಗಳಿಗಿಂತ ಚೀಲಗಳನ್ನು. ಅಡತ್ (ದಲ್ಲಾಳಿ) ಅಂಗಡಿಗಳ ಮುಂದೆ, ದಾಲ್ ಮಿಲ್ಲುಗಳ ಕಟ್ಟೆಯ ಮೇಲೆ ಒಟ್ಟಿದ ಗೋಣಿಗಳ ಮೇಲೆ ತಗಡಿನ ಅಚ್ಚಿನಿಂದ ಹೊಡೆದ ಮಾರ್ಕಾ ಇರುತ್ತದೆ. ತಗಡಿನಲ್ಲಿ ಅಕ್ಷರವನ್ನು ಕತ್ತರಿಸಿ, ಚೀಲದ ಮೇಲಿಟ್ಟು ಬಣ್ಣ ಒತ್ತುವ ಈ ವಿಧಾನದಲ್ಲಿ ಕನ್ನಡದ ದುಂಡು ಅಕ್ಷರಗಳು ಒಂದು ಪರೀಕ್ಷೆಯನ್ನೇ ಒಡ್ಡುತ್ತವೆ. ರಕಾರದ ಗೆರೆಯನ್ನು ಪೂರ್ತಿ ಕತ್ತರಿಸಿದರೆ ಅದರ ನಡುವಿನ ತಗಡು ಕಳಚಿ ಬೀಳುತ್ತದೆ, ಚೀಲದ ಮೇಲೆ ಬರೀ ಬಣ್ಣದ ಉಂಡೆ ಮೂಡುತ್ತದೆ. ಅದಕ್ಕಾಗಿ ನಡುವಿನ ತಗಡನ್ನು ಹಿಡಿದಿಡಲು ಎರಡು ಸಣ್ಣ ಸೇತುವೆಗಳನ್ನು ಬಿಡಬೇಕು. ಠಕಾರದ ಕಷ್ಟ ಇನ್ನೂ ಹೆಚ್ಚು: ನಡುವಿನ ಚುಕ್ಕಿಯ ಸುತ್ತ ಇರುವ ಬಳೆಯನ್ನು ಉಳಿಸಿಕೊಳ್ಳಬೇಕು. ಅನುಸ್ವಾರದ ಸೊನ್ನೆಗೆ ಯಾರೂ ಅಷ್ಟು ಕಷ್ಟಪಡುವುದಿಲ್ಲ, ಅದನ್ನು ತುಂಬಿದ ಚುಕ್ಕಿಯಾಗಿಯೇ ಕತ್ತರಿಸುತ್ತಾರೆ, ಓದುವವರಿಗೆ ತೊಡಕಾಗುವುದೂ ಇಲ್ಲ. ಸೇತುವೆ ಎಲ್ಲಿ ಬಿಟ್ಟಿದ್ದಾರೆ ಎಂಬುದನ್ನು ಗಮನವಿಟ್ಟು ಬಿಡಿಸಿಕೊಳ್ಳಿ. ಒಳ್ಳೆಯ ಅಚ್ಚಿನಲ್ಲಿ ಅವು ಕೈಬರಹದಲ್ಲಿ ಗೆರೆ ಸಹಜವಾಗಿ ತೆಳುವಾಗುವ ಕಡೆಯಲ್ಲೇ ಇರುತ್ತವೆ, ಕೆಟ್ಟ ಅಚ್ಚಿನಲ್ಲಿ ಗಡಿಯಾರದ ಹನ್ನೆರಡು ಮತ್ತು ಆರರ ಜಾಗದಲ್ಲಿ ಯಾಂತ್ರಿಕವಾಗಿ ಬಂದಿರುತ್ತವೆ.

ಗಂಜಿನಲ್ಲಿ ಕೇಳದೆ ಚಿತ್ರ ತೆಗೆಯಬೇಡಿ. ಹಮಾಲರು, ಮುನೀಮರು, ಮಾಲಕರು ಎಲ್ಲರೂ ಕೆಲಸದಲ್ಲಿರುತ್ತಾರೆ. "ಯಾಕ್ರೀ, ಚೀಲದ ಫೋಟೊ ಯಾಕ ಹೊಡಿಲಕತ್ತೀರಿ?" ಎಂಬ ಪ್ರಶ್ನೆ ಬಂದೇ ಬರುತ್ತದೆ. ಮಾರುಕಟ್ಟೆಯ ದರ, ತೆರಿಗೆ, ಪತ್ರಿಕೆ ಎಂಬ ಅನುಮಾನ ಅವರಿಗೆ ಸಹಜ. "ಅಣ್ಣಾರ, ಅಕ್ಷರ ಬರಿಯೂದು ಕಲಿಲಕತ್ತೀನ್ರಿ" ಎಂದು ನೋಟುಪುಸ್ತಕ ತೆರೆದು ತೋರಿಸಿದರೆ ಹೆಚ್ಚಿನವರು ಇನ್ನೆರಡು ಹಳೆಯ ಅಚ್ಚುಗಳನ್ನು ಒಳಗಿನಿಂದ ತಂದು ಕೊಡುತ್ತಾರೆ. ಬೋರ್ಡಿನ ಮೇಲಿನ ಫೋನ್ ನಂಬರುಗಳನ್ನೂ ಜನರ ಮುಖಗಳನ್ನೂ ಮುಚ್ಚದೆ ಎಲ್ಲಿಯೂ ಹಂಚಬಾರದು.

ಬೋರ್ಡಿನ ವಯಸ್ಸು ತಿಳಿಯುವುದು

ಯಾವ ಶೈಲಿ ಯಾವ ಕಾಲದ್ದೆಂದು ತಿಳಿಯದಿದ್ದರೆ ಸಂಗ್ರಹ ಬರೀ ರಾಶಿಯಾಗಿ ಉಳಿಯುತ್ತದೆ. ಅದೃಷ್ಟಕ್ಕೆ ಇಲ್ಲಿಯ ಬೋರ್ಡುಗಳು ತಮ್ಮ ವಯಸ್ಸನ್ನು ತಾವೇ ಹೇಳುತ್ತವೆ. ಊರಿನ ಹೆಸರು ಅಧಿಕೃತವಾಗಿ ಕಲಬುರಗಿ ಎಂದಾದದ್ದು 2014ರ ನವೆಂಬರ್ 1ರಂದು. ವಿಳಾಸದಲ್ಲಿ "ಗುಲ್ಬರ್ಗಾ" ಅಥವಾ "ಗುಲಬರ್ಗಾ" ಎಂದಿದ್ದರೆ ಬೋರ್ಡು ಬಹುತೇಕ ಅದಕ್ಕಿಂತ ಹಿಂದಿನದು. "ಹೈದರಾಬಾದ್ ಕರ್ನಾಟಕ" ಎಂಬುದು "ಕಲ್ಯಾಣ ಕರ್ನಾಟಕ" ಆದದ್ದು 2019ರಲ್ಲಿ. 08472 ಎಂಬ ಎಸ್‌ಟಿಡಿ ಕೋಡ್ ಮಾತ್ರ ಇದ್ದು ಮೊಬೈಲ್ ನಂಬರ್ ಇಲ್ಲದಿದ್ದರೆ ಇನ್ನೂ ಹಳೆಯದು. ಹಳೆಯ ಸಂಸ್ಥೆಗಳು ಹಳೆಯ ಹೆಸರನ್ನೇ ಉಳಿಸಿಕೊಂಡಿರುವುದೂ ಉಂಟು, ಹಾಗಾಗಿ ಒಂದೇ ಸುಳಿವನ್ನು ನೆಚ್ಚಿಕೊಳ್ಳದೆ ಎರಡು ಮೂರನ್ನು ಕೂಡಿಸಿ ನೋಡಬೇಕು.

ಹೆಸರು ಬದಲಾದಾಗ ಬರಹದ ಆಕಾರವೂ ಬದಲಾದದ್ದನ್ನು ಗಮನಿಸಿ. "ಗುಲ್ಬರ್ಗಾ" ಎಂದು ಬರೆದರೆ ಒಂದು ಒತ್ತು, ಒಂದು ಅರ್ಕಾವೊತ್ತು ಎರಡೂ ಬರುತ್ತವೆ. "ಕಲಬುರಗಿ"ಯಲ್ಲಿ ಎರಡೂ ಇಲ್ಲ, ಗೆರೆಯ ಕೆಳಗೆ ಏನೂ ಇಳಿಯುವುದಿಲ್ಲ. ಅದೇ ಎತ್ತರದ ಪಟ್ಟಿಯಲ್ಲಿ ಹೊಸ ಹೆಸರನ್ನು ಹೆಚ್ಚು ದೊಡ್ಡದಾಗಿ ಬರೆಯಬಹುದು. ಹೆಸರಿನ ಬಗ್ಗೆ ಯಾರ ಅಭಿಪ್ರಾಯ ಏನೇ ಇರಲಿ, ಬೋರ್ಡು ಬರೆಯುವವರಿಗೆ ಅದರಿಂದ ಜಾಗ ಉಳಿಯಿತು.

ಬಣ್ಣವೂ ಸಾಕ್ಷಿ ಹೇಳುತ್ತದೆ. ಫ್ಲೆಕ್ಸಿನ ಹಳದಿ ಮತ್ತು ಕೆಂಪು ಬಿಸಿಲಿಗೆ ಮೊದಲು ಹಾರಿಹೋಗಿ ನೀಲಿ, ಕಪ್ಪು ಉಳಿಯುವುದರಿಂದ ಹಳೆಯ ಫ್ಲೆಕ್ಸುಗಳೆಲ್ಲ ನೀಲಿಗಟ್ಟಿರುತ್ತವೆ. ಎನಾಮಲ್ ಬಣ್ಣದಲ್ಲಿ ಬರೆದ ಗೋಡೆಗಳಲ್ಲಿ ಉತ್ತರಕ್ಕೆ ಮುಖ ಮಾಡಿದವು ದಕ್ಷಿಣದವುಗಳಿಗಿಂತ ಹೆಚ್ಚು ಕಾಲ ಗಟ್ಟಿಯಾಗಿರುತ್ತವೆ. ಹಳೆಯ ಬರಹ ಬೇಕಾದವರು ಬಿಸಿಲು ಬೀಳದ ಗೋಡೆಗಳನ್ನು ಹುಡುಕುವುದು ಲೇಸು.

ಲಿಪಿಗಳ ನೆರೆಹೊರೆ

ಕರ್ನಾಟಕದ ಬೇರೆ ಊರುಗಳಲ್ಲಿ ಕನ್ನಡದ ಪಕ್ಕದಲ್ಲಿ ಹೆಚ್ಚಾಗಿ ಇಂಗ್ಲಿಷ್ ಇರುತ್ತದೆ. ಇಲ್ಲಿ ಉರ್ದು, ದೇವನಾಗರಿಗಳೂ ಸೇರುತ್ತವೆ. ಖಾಜಾ ಬಂದೇನವಾಜ್ ದರ್ಗಾದ ರಸ್ತೆಯಲ್ಲಿ ಒಂದೇ ಬೋರ್ಡಿನ ಮೇಲೆ ಕನ್ನಡ, ಉರ್ದು, ಇಂಗ್ಲಿಷ್ ಮೂರನ್ನೂ ಒಂದೇ ಕೈ ಬರೆದಿರುವುದನ್ನು ನೋಡಬಹುದು. ಉರ್ದುವಿನ ನಸ್ತಾಲಿಕ್ ಬರಹದಲ್ಲಿ ಪ್ರತಿ ಪದವೂ ಬಲಗಡೆ ಮೇಲಿನಿಂದ ಆರಂಭವಾಗಿ ಎಡಗಡೆ ಕೆಳಕ್ಕೆ ಜಾರುತ್ತದೆ, ಅಕ್ಷರಗಳು ಒಂದರ ಮೇಲೊಂದು ಪೇರುತ್ತವೆ. ಕನ್ನಡವೂ ಒತ್ತುಗಳನ್ನು ಕೆಳಕ್ಕೆ ಪೇರಿಸುವ ಲಿಪಿ. ಹಾಗಾಗಿ ಈ ಎರಡನ್ನು ಪಕ್ಕಪಕ್ಕದಲ್ಲಿ ಬರೆದು ಪಳಗಿದವರ ಕನ್ನಡದಲ್ಲಿ ಒತ್ತುಗಳು ಅಂಜಿಕೆಯಿಲ್ಲದೆ ಆಳಕ್ಕೆ ಇಳಿಯುತ್ತವೆ ಎಂದು ನನಗೆ ಅನ್ನಿಸುತ್ತದೆ. ಇದನ್ನು ಸಾಧಿಸಿ ತೋರಿಸಲು ನನ್ನ ಸಂಗ್ರಹ ಸಾಲದು. ನೀವೂ ಚಿತ್ರಗಳನ್ನು ಹೋಲಿಸಿ ನೋಡಿ.

2024ರಲ್ಲಿ ಕನ್ನಡ ಭಾಷಾ ಸಮಗ್ರ ಅಭಿವೃದ್ಧಿ ಕಾಯ್ದೆಗೆ ಬಂದ ತಿದ್ದುಪಡಿಯ ನಂತರ ಫಲಕದ ಶೇ. 60 ಭಾಗ ಕನ್ನಡದಲ್ಲಿ, ಅದೂ ಮೇಲಿನ ಅರ್ಧದಲ್ಲಿ ಇರಬೇಕಾಯಿತು. ಒಳ್ಳೆಯ ನಿಯಮವೇ. ಆದರೆ ಅವಸರದಲ್ಲಿ ಬದಲಾದ ಅನೇಕ ಫಲಕಗಳಲ್ಲಿ ಇಂಗ್ಲಿಷ್ ಅಕ್ಷರಗಳಿಗೆಂದು ಮಾಡಿದ ಪಟ್ಟಿಯೊಳಗೆ ಕನ್ನಡವನ್ನು ತುರುಕಿದ್ದಾರೆ, ಮೈ ಚಪ್ಪಟೆಯಾಗಿ ಒತ್ತುಗಳು ಇರುವೆಗಳಂತಾಗಿವೆ. ಇವುಗಳ ಚಿತ್ರಗಳನ್ನೂ ತೆಗೆದುಕೊಳ್ಳಿ. ಮಾಡಬಾರದ್ದು ಏನೆಂದು ಗ್ರಾಹಕರಿಗೆ ತೋರಿಸಲು ಉಪಯೋಗಕ್ಕೆ ಬರುತ್ತವೆ.

ಬೀದರಿಗೆ ಒಂದು ದಿನ

2017ರಲ್ಲಿ ಆರಂಭವಾದ ರೈಲು ಮಾರ್ಗದಲ್ಲಿ ಬೀದರ್ ಸುಮಾರು 110 ಕಿ.ಮೀ. ದೂರ. ಅಲ್ಲಿಯ ಹಳೆಯ ಪೇಟೆಯಲ್ಲಿ ಚೌಬಾರ ಎಂಬ ಹಳೆಯ ಕಾವಲು ಗೋಪುರದ ಸುತ್ತ ನಡೆಯುವ ಕ್ರಮ ಕಲಬುರಗಿಯದೇ. ಹೋಗಬೇಕಾದ ನಿಜವಾದ ಕಾರಣ ಹೆಂಚು, ಕಲ್ಲು ಮತ್ತು ಬೆಳ್ಳಿ.

1472ರಲ್ಲಿ ಕಟ್ಟಿದ ಮಹಮೂದ್ ಗವಾನ್ ಮದರಸಾದ ಮುಂಭಾಗದಲ್ಲಿ ಬಣ್ಣದ ಹೆಂಚಿನಿಂದ ಮಾಡಿದ ಬರಹದ ಪಟ್ಟಿ ಇನ್ನೂ ಉಳಿದಿದೆ. 1696ರಲ್ಲಿ ಸಿಡಿಮದ್ದು ಸ್ಫೋಟಿಸಿ ಕಟ್ಟಡದ ಒಂದು ಭಾಗ ಬಿದ್ದುಹೋದರೂ ಒಂದು ಮಿನಾರು ನಿಂತಿದೆ. ಬ್ರಷ್ಷಿನ ಬರಹದಂತೆ ಇಲ್ಲಿ ಗೆರೆ ಹರಿಯುವುದಿಲ್ಲ. ಹರಿದಂತೆ ಕಾಣುವ ಹಾಗೆ ಕತ್ತರಿಸಿ ಕೂಡಿಸಿದ್ದಾರೆ. ನಿಮ್ಮ ಕೆಲಸ ಹೆಂಚಿನಲ್ಲೋ ಮೊಸಾಯಿಕ್‌ನಲ್ಲೋ ಪಿಕ್ಸೆಲ್‌ನಲ್ಲೋ ಇದ್ದರೆ, ತಿರುವುಗಳನ್ನು ಎಷ್ಟು ತುಂಡುಗಳಲ್ಲಿ ಸಾಧಿಸಿದ್ದಾರೆಂದು ದುರ್ಬೀನಿನಿಂದ ಎಣಿಸಿರಿ. ಅಷ್ಟೂರಿನ ಗುಮ್ಮಟಗಳ ದಾರಿಯಲ್ಲಿರುವ ಹಜರತ್ ಖಲೀಲುಲ್ಲಾ ಅವರ ಚೌಖಂಡಿಯಲ್ಲಿ, ಅಂದರೆ ಸಮಾಧಿ ಕಟ್ಟಡದಲ್ಲಿ, ಇದರ ತದ್ವಿರುದ್ಧ: ಕಪ್ಪು ಕಲ್ಲಿನಲ್ಲಿ ಉಬ್ಬಾಗಿ ಕೆತ್ತಿದ ಅಕ್ಷರಗಳು, ಬಣ್ಣವೇ ಇಲ್ಲ, ನೆರಳೇ ಬಣ್ಣ. ಬೆಳಿಗ್ಗೆ ಮತ್ತು ಇಳಿಹೊತ್ತಿನಲ್ಲಿ ಬೆಳಕು ಓರೆಯಾಗಿ ಬಿದ್ದಾಗ ಮಾತ್ರ ಅವು ತೆರೆದುಕೊಳ್ಳುತ್ತವೆ. ಇವು ಪುರಾತತ್ವ ಇಲಾಖೆಯ ರಕ್ಷಣೆಯಲ್ಲಿರುವ ಸ್ಮಾರಕಗಳಾದ್ದರಿಂದ ಕಾಗದ ಇಟ್ಟು ಪೆನ್ಸಿಲ್ ಉಜ್ಜುವುದು, ಸೀಮೆಸುಣ್ಣ ತುಂಬುವುದು ಬೇಡವೇ ಬೇಡ. ಟ್ರೈಪಾಡಿಗೂ ಅನುಮತಿ ಬೇಕು.

ಬಿದರಿ ಕೆಲಸದ ಅಂಗಡಿಗಳಲ್ಲಿ ಒಂದು ಗಂಟೆ ಕೂತರೆ ಲೋಗೊ ಮಾಡುವವರಿಗೆ ಬಹಳ ಲಾಭ. ಸತುವಿಗೆ ತುಸು ತಾಮ್ರ ಬೆರೆಸಿ ಎರಕ ಹೊಯ್ದು, ಉಳಿಯಿಂದ ತೋಡಿದ ಗೆರೆಯಲ್ಲಿ ಬೆಳ್ಳಿಯನ್ನು ಕೂರಿಸಿ, ಕೋಟೆಯ ಹಳೆಯ ಮಣ್ಣು ಮತ್ತು ನವಸಾಗರದ ದ್ರವದಲ್ಲಿ ಕಪ್ಪಾಗಿಸುತ್ತಾರೆ. ತಂತಿಯನ್ನು ಕೂರಿಸಿದರೆ ತಾರಕಶಿ, ತಗಡನ್ನು ಕೂರಿಸಿದರೆ ತಹ್ನಿಶಾನ್. ನಿಮ್ಮ ಅಕ್ಷರವನ್ನು ಒಮ್ಮೆ ತಂತಿಯಲ್ಲಿ ಬರೆಯುವಂತೆ ಒಂದೇ ದಪ್ಪದಲ್ಲಿ, ಇನ್ನೊಮ್ಮೆ ತಗಡಿನಲ್ಲಿ ಕತ್ತರಿಸುವಂತೆ ತುಂಬಿದ ಆಕಾರದಲ್ಲಿ ಬಿಡಿಸಿ ನೋಡಿ. ತಂತಿಯಲ್ಲಿ ಒತ್ತು ಕಗ್ಗಂಟಾದರೆ ಆ ಲೋಗೊ ಮೊಬೈಲಿನ ಸಣ್ಣ ಚಿಹ್ನೆಯಾಗಿಯೂ ಕೆಡುತ್ತದೆ.

ಮೇಜಿನ ಮೇಲೆ

ಚಿತ್ರಗಳನ್ನು ಚೆಂದದ ಪ್ರಕಾರ ವಿಂಗಡಿಸಬೇಡಿ, ಉಪಕರಣದ ಪ್ರಕಾರ ವಿಂಗಡಿಸಿ: ಚಪ್ಪಟೆ ಬ್ರಷ್, ದುಂಡು ಬ್ರಷ್, ತಗಡಿನ ಅಚ್ಚು, ಉಳಿ, ಹೆಂಚು, ಯಂತ್ರದ ಬ್ಲೇಡು. ಪ್ರತಿ ಕಡತದ ಹೆಸರಿನಲ್ಲಿ ದಿನಾಂಕ, ರಸ್ತೆ, ಮೇಲ್ಮೈ ಇವು ಮೂರನ್ನು ಬರೆದಿಡಿ. ನಂತರ ಆಯ್ದ ಹತ್ತು ಚಿತ್ರಗಳನ್ನು ಮುದ್ರಿಸಿ, ಮೇಲೆ ಟ್ರೇಸಿಂಗ್ ಕಾಗದ ಹಾಸಿ, ಅಂಚನ್ನು ಬಿಡಿಸುವ ಬದಲು ಬ್ರಷ್ಷಿನ ನಡುಗೆರೆಯನ್ನು ಬಿಡಿಸಿ, ಬರೆದವರ ಕೈ ಎಲ್ಲಿ ಆರಂಭಿಸಿ ಎಲ್ಲಿ ಎತ್ತಿತು ಎಂಬುದನ್ನು ಬಾಣದಿಂದ ಗುರುತಿಸಿ. ಪಕ್ಕದಲ್ಲಿ ಮೂರು ಸಂಖ್ಯೆಗಳು ಸಾಕು: ಮೈಯ ಎತ್ತರಕ್ಕೆ ಗೆರೆಯ ದಪ್ಪ ಎಷ್ಟು, ಒತ್ತಿನ ಆಳ ಎಷ್ಟು, ತಲಕಟ್ಟು ಮೈಗಿಂತ ಎಷ್ಟು ಹೊರಗೆ ಚಾಚಿದೆ.

ಬೋರ್ಡಿನಲ್ಲಿರುವ ಅಕ್ಷರಗಳನ್ನು ಹಾಗೆಯೇ ಎತ್ತಿ ಅಂಟಿಸುವುದು ಕಳವು, ಮೇಲಾಗಿ ನಿರುಪಯೋಗಿ, ಏಕೆಂದರೆ ನಿಮಗೆ ಬೇಕಾದ ಅಕ್ಷರ ಅಲ್ಲಿ ಇರುವುದೇ ಇಲ್ಲ. ಬದಲಿಗೆ ಆ ಕೈಯ ಲೆಕ್ಕವನ್ನು ಹಿಡಿದು ಅಲ್ಲಿಲ್ಲದ ಅಕ್ಷರಗಳನ್ನು ಬರೆಯಬೇಕು. ಕ್ಷ, ಜ್ಞ, ಶ್ರೀ, ಸ್ತ್ರೀ ಈ ನಾಲ್ಕು ಒಂದೇ ಕುಟುಂಬದಂತೆ ಬಂದರೆ ಉಳಿದವು ಹಿಂದೆ ಬರುತ್ತವೆ.

ಉದಾಹರಣೆಗೆ ತೊಗರಿ ಬೇಳೆಯ ಚೀಲದ ಲೇಬಲ್ ತೆಗೆದುಕೊಳ್ಳಿ. ಕಲಬುರಗಿಯ ತೊಗರಿಗೆ 2019ರಲ್ಲಿ ಭೌಗೋಳಿಕ ಗುರುತು ಸಿಕ್ಕಿರುವುದರಿಂದ ಇಂಥ ಕೆಲಸ ಇಲ್ಲಿ ಬರುತ್ತಲೇ ಇರುತ್ತದೆ. "ಕಲಬುರಗಿ ತೊಗರಿ ಬೇಳೆ" ಎಂಬ ಇಡೀ ಹೆಸರಿನಲ್ಲಿ ಒಂದೂ ಒತ್ತಿಲ್ಲ. ಹಾಗಾಗಿ ಮೂರು ಪದಗಳನ್ನು ಮೂರು ಸಾಲಾಗಿ, ಇಟ್ಟಿಗೆ ಜೋಡಿಸಿದಂತೆ ಒತ್ತೊತ್ತಾಗಿ ಇಡಬಹುದು, ಸಾಲುಗಳ ನಡುವೆ ಗೆರೆಯ ದಪ್ಪದಷ್ಟೇ ಅಂತರ ಸಾಕು. ಗಂಜಿನ ಅಚ್ಚಿನ ಶೈಲಿ ಇದಕ್ಕೆ ಒಪ್ಪುತ್ತದೆ. ರಕಾರ ಎರಡು ಸಲ ಬರುವುದರಿಂದ ಅದರ ಸೇತುವೆಗಳೇ ಲೇಬಲ್ಲಿನ ಗುರುತಾಗುತ್ತವೆ. ಆದರೆ ಕೆಳಗಿನ ಸಣ್ಣಕ್ಷರದಲ್ಲಿ "ನಿವ್ವಳ ತೂಕ" ಬಂದೇ ಬರುತ್ತದೆ, ಅಲ್ಲಿ ವಕಾರದ ಒತ್ತು ಕಾದು ಕೂತಿರುತ್ತದೆ. ಸಣ್ಣಕ್ಷರಕ್ಕೆ ಅಚ್ಚಿನ ಶೈಲಿಯನ್ನು ಎಳೆಯದೆ ಬಾಲೂ ತಮ್ಮ ಅಥವಾ ನೋಟೊ ಕನ್ನಡದಂತಹ ಮುಕ್ತ ಪರವಾನಗಿಯ ಫಾಂಟು ಬಳಸುವುದು ಜಾಣತನ.

ಮುದ್ರಣಕ್ಕೆ ಕಳುಹಿಸುವ ಮುನ್ನ ಅಕ್ಷರಗಳನ್ನೆಲ್ಲ ರೇಖಾಕೃತಿಗಳಾಗಿ ಪರಿವರ್ತಿಸಿ. ಒಮ್ಮೆ ನಾನು ಯೂನಿಕೋಡ್ ಪಠ್ಯವನ್ನು ಹಾಗೆಯೇ ಕಳುಹಿಸಿದ್ದೆ. ಮುದ್ರಣದವರ ಹಳೆಯ ತಂತ್ರಾಂಶದಲ್ಲಿ ಒತ್ತುಗಳೆಲ್ಲ ಕಳಚಿ ಪಕ್ಕಕ್ಕೆ ಬಂದು ನಿಂತವು, ಎಂಟು ಅಡಿಯ ಫ್ಲೆಕ್ಸು ಹಾಗೆಯೇ ಅಚ್ಚಾಗಿ ಕಂಬದ ಮೇಲೂ ಏರಿತು. ಹಣ ಯಾರು ಕೊಡಬೇಕೆಂಬ ಚರ್ಚೆಯಲ್ಲಿ ಒಂದು ವಾರ ಹೋಯಿತು.

ಕೊನೆಯ ಕೆಲಸ ಬರೆದವರನ್ನು ಹುಡುಕುವುದು. ತಗಡಿನ ಬೋರ್ಡಿನ ಬಲ ಮೂಲೆಯಲ್ಲಿ, ಬೆರಳುಗುರಿನಷ್ಟು ಗಾತ್ರದಲ್ಲಿ ಪೇಂಟರಿನ ಹೆಸರೋ "ಆರ್ಟ್ಸ್" ಎಂದು ಮುಗಿಯುವ ಅಂಗಡಿಯ ಹೆಸರೋ ಇರುತ್ತದೆ. ಅನೇಕರು ಈಗ ಫ್ಲೆಕ್ಸಿನ ಅಂಗಡಿ ಇಟ್ಟಿದ್ದಾರೆ, ಆದರೂ ಬ್ರಷ್ ಬಿಸಾಡಿಲ್ಲ. ನಿಮ್ಮ ಕೆಲಸದಲ್ಲಿ ಅವರ ಕೈಯ ಛಾಯೆ ಇದ್ದರೆ ಹೆಸರು ಹೇಳಿ, ಹಣ ಬರುವ ಕೆಲಸವಾದರೆ ಪಾಲು ಕೊಡಿ, ಸಾಧ್ಯವಾದರೆ ಮೊದಲ ಕರಡನ್ನು ಅವರಿಂದಲೇ ಬರೆಸಿ. ನಾನು ಹಾಗೆ ಒಬ್ಬ ಹಿರಿಯರ ಬಳಿ ನನ್ನ ಕರಡನ್ನು ಒಯ್ದಾಗ ಅವರು ಕಾಗದವನ್ನು ಮೇಜಿನ ಮೇಲಿಡಲಿಲ್ಲ. ಗೋಡೆಗೆ ಒರಗಿಸಿ, ರಸ್ತೆ ದಾಟಿ ಎದುರು ಬದಿಗೆ ಹೋಗಿ ನೋಡಿ, ವಾಪಸು ಬಂದು, "ಒತ್ತು ಹೊಟ್ಟೀಗ್ ಹತ್ತ್ಯಾದ್ರಿ, ಉಸರಾಡ್ಲಿಕ್ಕ ಜಾಗ ಇಲ್ಲ" ಎಂದು ನನ್ನ ಕೈಯಿಂದ ಪೆನ್ಸಿಲ್ ತೆಗೆದುಕೊಂಡು ಟಕಾರದ ಒತ್ತನ್ನು ಅರ್ಧ ಬೆರಳು ಬಲಕ್ಕೂ ಕಾಲು ಬೆರಳು ಕೆಳಕ್ಕೂ ಸರಿಸಿದರು. ಕರಡನ್ನು ಒಯ್ಯುವಾಗ ಎರಡು ಪ್ರತಿ ಒಯ್ಯಿರಿ, ತಿದ್ದಿದ್ದರ ಮೇಲೆ ಅವರ ಸಹಿಯನ್ನೂ ಹಾಕಿಸಿಕೊಳ್ಳಿ.